ಯಂತ್ರಕ್ಕೆ ಟನ್ ಗೊತ್ತಿಲ್ಲ, ಕೊಳಗ ಗೊತ್ತು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ತಿಂಗಳು ಮದ್ದೂರು ತಾಲ್ಲೂಕಿನ ಅಕ್ಕಿ ಗಿರಣಿಯೊಂದರ ಮಾಲೀಕರು ನನ್ನನ್ನು ಕರೆಸಿಕೊಂಡರು. ಪಾಲಿಷ್ ಯಂತ್ರದಿಂದ ಬೀಳುವ ತೌಡನ್ನು ಚೀಲ ತುಂಬುವ ಕೋಣೆಗೆ ಸಾಗಿಸಲು ಅವರು ಹೊಸದಾಗಿ ಸ್ಕ್ರೂ ಕನ್ವೇಯರ್, ಅಂದರೆ ಉದ್ದನೆಯ ತೊಟ್ಟಿಯೊಳಗೆ ತಿರುಗುವ ಸುರುಳಿಯಿಂದ ಸರಕನ್ನು ಮುಂದಕ್ಕೆ ತಳ್ಳುವ ಯಂತ್ರ, ಹಾಕಿಸಿದ್ದರು. ಅದು ಗಂಟೆಗೆ 5 ಟನ್ ಎಳೆಯುತ್ತದೆಂದು ಮಾರಿದವರು ಬರೆದುಕೊಟ್ಟಿದ್ದರು. ಆ ಗಿರಣಿಯಲ್ಲಿ ಗಂಟೆಗೆ ಬರುವ ತೌಡು 200 ಕಿಲೋ ಮೀರುವುದಿಲ್ಲ. ಆದರೂ ಅರ್ಧ ಗಂಟೆಗೊಮ್ಮೆ ಕನ್ವೇಯರ್ ಕಟ್ಟಿಕೊಂಡು ನಿಲ್ಲುತ್ತಿತ್ತು. ಮೋಟಾರಿನ ಶಕ್ತಿ ಸಾಲದೆಂದು 3 ಎಚ್‌ಪಿ ಮೋಟಾರು ತೆಗೆದು 5 ಎಚ್‌ಪಿ ಕೂರಿಸಿದರು. ಅಲ್ಲಿಂದ ಮುಂದೆ, ಕಟ್ಟಿಕೊಂಡಾಗಲೆಲ್ಲ ಮೋಟಾರನ್ನು ಸ್ಕ್ರೂವಿಗೆ ಜೋಡಿಸುವ ಕಪ್ಲಿಂಗಿನ ಬೋಲ್ಟು ಮುರಿಯತೊಡಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು ಆ ಗಿರಣಿಯ ಕೆಲಸ.

ಜ್ವರ ಇದ್ದದ್ದು ಕನ್ವೇಯರಿನ ಮೇಲಿನ ಹಾಪರಿನಲ್ಲಿ, ಅಂದರೆ ಸರಕು ಸುರಿಯುವ ಆಲಿಕೆಯಾಕಾರದ ಪೆಟ್ಟಿಗೆಯಲ್ಲಿ. ಅದರ ಗೋಡೆಗಳು ಇಳಿಜಾರು ಸಾಲದೆ ಅಗಲವಾಗಿದ್ದವು, ಕೆಳಗಿನ ಬಾಯಿ ಒಂದು ಗೇಣಿಗಿಂತ ದೊಡ್ಡದಿರಲಿಲ್ಲ. ತೌಡು ಭತ್ತದ ಹಾಗೆ ಜಾರುವ ಸರಕಲ್ಲ. ಅದರಲ್ಲಿ ಎಣ್ಣೆಯ ಅಂಶವಿದೆ, ಒತ್ತಿದರೆ ಮುಷ್ಟಿಯಲ್ಲಿ ಉಂಡೆಯಾಗುತ್ತದೆ. ಹಾಪರಿನ ಬಾಯಿಯ ಮೇಲೆ ಅದು ಕಮಾನು ಕಟ್ಟಿ ನಿಂತರೆ ಕೆಳಗಿನ ಸ್ಕ್ರೂ ಬರಿದಾಗಿ ತಿರುಗುತ್ತದೆ, ಕಮಾನು ಕುಸಿದ ಕ್ಷಣದಲ್ಲಿ ತೊಟ್ಟಿ ಒಮ್ಮೆಲೇ ತುಂಬಿ ಸ್ಕ್ರೂ ಹೂತುಹೋಗುತ್ತದೆ. ಅಲ್ಲಿನ ಹುಡುಗನೊಬ್ಬನಿಗೆ ಸುತ್ತಿಗೆ ಕೊಟ್ಟು ಹಾಪರಿಗೆ ಬಡಿಯುತ್ತಿರಲು ಹೇಳಿದ್ದರು. ಹೊರಗಿನಿಂದ ಬಿದ್ದ ಪ್ರತಿಯೊಂದು ಏಟೂ ತಗಡಿನ ಒಳಮೈಯಲ್ಲಿ ಒಂದೊಂದು ಉಬ್ಬಾಗಿ, ಮರುದಿನ ತೌಡು ಅಂಟಿಕೊಳ್ಳಲು ಒಂದೊಂದು ಮೆಟ್ಟಿಲಾಗಿತ್ತು.

ನಾನು ಈ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಸೇರಿ, ಫೋರ್‌ಮನ್ ಆಗಿ ನಿವೃತ್ತನಾದವನು. ನಿವೃತ್ತಿಯ ನಂತರ ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ, ಟಿ. ನರಸೀಪುರದ ಕಡೆಯ ಗಿರಣಿಗಳವರು ಕಾಳನ್ನು ಬಕೆಟ್ಟುಗಳಲ್ಲಿ ಮೇಲೆತ್ತುವ ಎಲಿವೇಟರು, ಸರಕು ಸಾಗಿಸುವ ಬೆಲ್ಟು, ಗಾಳಿ ಊದುವ ಬ್ಲೋವರು ಕೆಟ್ಟಾಗ ಕರೆಯುತ್ತಾರೆ. ಈ ಓಡಾಟದಲ್ಲಿ ಕಂಡ ಒಂದು ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಗಿರಣಿ ಮಾಲೀಕರ, ಸಾಲ ಮತ್ತು ಸಹಾಯಧನ ಮಂಜೂರು ಮಾಡುವ ಅಧಿಕಾರಿಗಳ, ಹಾಗೂ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ. ಒಣ ಸರಕನ್ನು ಸಾಗಿಸುವ ಯಂತ್ರವನ್ನು ಕೊಳ್ಳುವಾಗ ನಮ್ಮವರು ಯಂತ್ರದ ಬೆಲೆ ಕೇಳುತ್ತಾರೆ, ಮೋಟಾರಿನ ಎಚ್‌ಪಿ ಕೇಳುತ್ತಾರೆ, ಗಂಟೆಗೆ ಎಷ್ಟು ಟನ್ ಎಂದು ಕೇಳುತ್ತಾರೆ. ತಾವು ಸಾಗಿಸಬೇಕಾದ ಸರಕು ಎಂಥದೆಂದು ಅಳೆದು ನೋಡಿದವರು ನನಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು.

ಟನ್ನಿನ ಲೆಕ್ಕವೇ ಮೊದಲ ಮೋಸ. ಇದನ್ನು ನಮ್ಮ ರೈತರಿಗೆ ವಿವರಿಸುವುದು ಸುಲಭ, ಏಕೆಂದರೆ ಒಂದೆರಡು ತಲೆಮಾರಿನ ಹಿಂದಿನವರೆಗೆ ಇಲ್ಲಿ ಭತ್ತ ರಾಗಿಗಳನ್ನು ಯಾರೂ ತೂಗುತ್ತಿರಲಿಲ್ಲ, ಸೇರಿನಲ್ಲಿ, ಕೊಳಗದಲ್ಲಿ, ಖಂಡುಗದಲ್ಲಿ ಅಳೆಯುತ್ತಿದ್ದರು. ಕನ್ವೇಯರ್ ಕೂಡ ಹಾಗೆಯೇ ಅಳೆಯುತ್ತದೆ. ಎಲಿವೇಟರಿನ ಬಕೆಟ್ಟು ಒಂದು ಸಣ್ಣ ಅಳತೆಪಾತ್ರೆ. ಅದು ತುಂಬುವುದು ಗಾತ್ರಕ್ಕೆ, ತೂಕಕ್ಕಲ್ಲ. ಒಂದು ಘನ ಮೀಟರ್ ಭತ್ತ ಸುಮಾರು 575 ಕಿಲೋ ತೂಗಿದರೆ, ಅಷ್ಟೇ ಜಾಗದ ಭತ್ತದ ಹೊಟ್ಟು 100 ಕಿಲೋದ ಆಸುಪಾಸಿನಲ್ಲಿರುತ್ತದೆ, ಸಕ್ಕರೆಯಾದರೆ 850 ಕಿಲೋ ಮುಟ್ಟುತ್ತದೆ. ಭತ್ತಕ್ಕೆ ಗಂಟೆಗೆ 5 ಟನ್ ಎಂದು ಹೇಳಿದ ಯಂತ್ರಕ್ಕೆ ಹೊಟ್ಟು ಹಾಕಿದರೆ ಅದು 900 ಕಿಲೋ ಸಹ ಸಾಗಿಸದು. ಇನ್ನೂ ಸೋಜಿಗದ ಲೆಕ್ಕವೊಂದಿದೆ. ಗಂಟೆಗೆ 2 ಟನ್ ಭತ್ತ ಅರೆಯುವ ಗಿರಣಿಯಲ್ಲಿ ಒಳಗೆ ಹೋಗುವ ಭತ್ತ ಮೂರೂವರೆ ಘನ ಮೀಟರ್. ತೂಕದಲ್ಲಿ ಭತ್ತದ ಐದನೇ ಒಂದು ಭಾಗ ಹೊಟ್ಟು, ಅಂದರೆ 400 ಕಿಲೋ. ಗಾತ್ರದಲ್ಲಿ ಅದು 4 ಘನ ಮೀಟರ್. ಒಳಗೆ ಹೋದ ಭತ್ತಕ್ಕಿಂತ ಹೊರಗೆ ಬರುವ ಹೊಟ್ಟೇ ಹೆಚ್ಚು ಜಾಗ ಬೇಡುತ್ತದೆ. ಹೀಗಿದ್ದೂ ನಾನು ನೋಡಿದ ಗಿರಣಿಗಳಲ್ಲಿ ಭತ್ತದ ಎಲಿವೇಟರಿಗೆ ಸುರಿದ ಹಣದ ಕಾಲು ಭಾಗವನ್ನೂ ಹೊಟ್ಟಿನ ಸಾಗಣೆಗೆ ಖರ್ಚು ಮಾಡಿರುವುದಿಲ್ಲ, ಮತ್ತು ಗಿರಣಿ ನಿಲ್ಲುವುದು ಬಹುಪಾಲು ಹೊಟ್ಟಿನ ದಾರಿ ಕಟ್ಟಿಕೊಂಡಾಗಲೇ.

ಎರಡನೆಯದು ರಾಶಿಯ ಇಳಿಜಾರು. ಕಣದಲ್ಲಿ ಭತ್ತ ತೂರಿ ರಾಶಿ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿ, ರಾಶಿ ಎಷ್ಟೇ ಬೆಳೆಯಲಿ, ಅದರ ಮೈಯ ಓರೆ ಒಂದೇ ತೆರನಾಗಿ ಉಳಿಯುತ್ತದೆ. ಅದಕ್ಕಿಂತ ಕಡಿದಾಗಿಸಲು ಹೋದರೆ ಕಾಳು ಜಾರಿ ಕೆಳಗಿಳಿಯುತ್ತದೆ. ಒಣ ಭತ್ತದಲ್ಲಿ ಈ ಓರೆ 35 ಡಿಗ್ರಿಯ ಸುತ್ತಮುತ್ತ, ಅಂದರೆ ತಳದ ಅಗಲ ಒಂದು ಮೀಟರ್ ಇರುವ ರಾಶಿ ಸುಮಾರು 35 ಸೆಂಟಿಮೀಟರ್ ಎತ್ತರ ನಿಲ್ಲುತ್ತದೆ. ಯಾವ ಸರಕಿನ ರಾಶಿ ಇದಕ್ಕಿಂತ ಎತ್ತರ ನಿಲ್ಲುತ್ತದೋ ಅದು ಹಾಪರಿನಲ್ಲಿಯೂ ಮೊಂಡುತನ ಮಾಡುತ್ತದೆ. ಹಾಗೆಂದು ಬೆಲ್ಟನ್ನು 35 ಡಿಗ್ರಿ ಏರಿಸಬಹುದೆಂದು ಯಾರೂ ತಿಳಿಯಬಾರದು. ನಡುಗುತ್ತ ಓಡುವ ಬೆಲ್ಟಿನ ಮೇಲೆ ಕಾಳು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ನಯವಾದ ಬೆಲ್ಟಿನಲ್ಲಿ ಕಾಳು ಸಾಗಿಸಲು 15 ಡಿಗ್ರಿಯ ಆಚೆಗೆ ಹೋದರೆ ಅದು ಹಿಂದಕ್ಕೆ ಉರುಳತೊಡಗುತ್ತದೆ. ಜಾಗ ಉಳಿಸಬೇಕೆಂದು 25 ಡಿಗ್ರಿಗೆ ನಿಲ್ಲಿಸಿದ ಬೆಲ್ಟುಗಳನ್ನು ನಾನು ನೋಡಿದ್ದೇನೆ, ಅವುಗಳ ಬುಡದಲ್ಲಿ ದಿನವಿಡೀ ಚೆಲ್ಲಿದ ಭತ್ತವನ್ನು ಗುಡಿಸುವ ಹೆಂಗಸರನ್ನೂ ನೋಡಿದ್ದೇನೆ.

ಮೂರನೆಯದು ಸವೆತ. ಭತ್ತದ ಹೊಟ್ಟು ಕೈಗೆ ಹಗುರ, ಕಬ್ಬಿಣಕ್ಕೆ ಅರ. ಹೊಟ್ಟನ್ನು ಸುಟ್ಟರೆ ಉಳಿಯುವ ಬೂದಿಯ ಬಹುಭಾಗ ಸಿಲಿಕಾ, ಅಂದರೆ ಮರಳಿನ ಜಾತಿ. ಗಾಳಿಯಲ್ಲಿ ಊದಿ ಸಾಗಿಸುವ ಪೈಪಿನೊಳಗೆ ಈ ಹೊಟ್ಟು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಓಡುವಾಗ ಪೈಪಿನ ಪ್ರತಿ ತಿರುವೂ ಸಾಣೆಕಲ್ಲಿಗೆ ಹಿಡಿದ ಕುಡುಗೋಲಿನಂತೆ ತೆಳುವಾಗುತ್ತ ಬರುತ್ತದೆ. ತಿರುವಿನ ಹೊರಮೈಗೆ ತೂತು ಬೀಳುವುದು, ಅದಕ್ಕೆ ತಗಡಿನ ತೇಪೆ, ತೇಪೆಗೆ ಮತ್ತೆ ತೂತು. ಇದಕ್ಕೆ ಹಳೆಯ ಮಿಸ್ತ್ರಿಗಳ ಉಪಾಯವೊಂದುಂಟು. ಬಾಗಿದ ತಿರುವಿನ ಬದಲು ಟೀ ಆಕಾರದ ಜೋಡಣೆ ಹಾಕಿ ಅದರ ಒಂದು ಬಾಯಿಯನ್ನು ಮುಚ್ಚಿಬಿಟ್ಟರೆ, ಆ ಮೊಂಡು ಬಾಯಿಯಲ್ಲಿ ಹೊಟ್ಟೇ ತುಂಬಿ ಕೂರುತ್ತದೆ. ಮುಂದೆ ಬರುವ ಹೊಟ್ಟು ಕೂತ ಹೊಟ್ಟಿಗೆ ಬಡಿಯುತ್ತದೆಯೇ ಹೊರತು ಕಬ್ಬಿಣಕ್ಕಲ್ಲ. ಗಾಳಿಯ ಒತ್ತಡ ಸ್ವಲ್ಪ ಹೆಚ್ಚು ಬೇಕಾಗುತ್ತದೆ, ಪೈಪು ಮಾತ್ರ ಬದುಕಿಕೊಳ್ಳುತ್ತದೆ. ಆದರೆ ಇದನ್ನು ತೌಡಿಗೆ ಮಾಡಬಾರದು. ಕೂತ ತೌಡು ಕೆಲವೇ ದಿನಗಳಲ್ಲಿ ಕಮಟು ಹಿಡಿದು ಹೊಸ ತೌಡನ್ನೂ ಕೆಡಿಸುತ್ತದೆ. ಸ್ಕ್ರೂ ಕನ್ವೇಯರಿಗೂ ಸವೆತದ ಲೆಕ್ಕವೇ ಮುಖ್ಯ. ಸುಲಭವಾಗಿ ಹರಿಯುವ, ಕಬ್ಬಿಣ ಸವೆಸದ ಸರಕಿಗೆ ತೊಟ್ಟಿಯ ಶೇಕಡಾ 45ರಷ್ಟು ಭಾಗ ತುಂಬಬಹುದು, ಸವೆಸುವ ಸರಕಿಗೆ 30, ತೀರಾ ಒರಟಾದುದಕ್ಕೆ 15 ಮಾತ್ರ. ಕ್ಯಾಟಲಾಗಿನ ಮುಖಪುಟದಲ್ಲಿ ಅಚ್ಚಾಗುವುದು 45ರ ಲೆಕ್ಕದ ಟನ್ನು, ಅದೂ ಸಮತಟ್ಟಾಗಿ ಮಲಗಿಸಿದ ಸ್ಕ್ರೂವಿನದು.

ಸರಕಿನ ಸ್ವಭಾವಕ್ಕೆ ತಕ್ಕ ಯಂತ್ರವನ್ನು ಆರಿಸುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸತೇನಲ್ಲ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಮಂಡ್ಯದ ಜನ ಕಬ್ಬಿನ ಕ್ಯಾರಿಯರನ್ನೂ, ಸಿಪ್ಪೆಯನ್ನು ಬಾಯ್ಲರಿಗೆ ಎಳೆದೊಯ್ಯುವ ಸರಪಳಿ ಕ್ಯಾರಿಯರನ್ನೂ ಮೂರು ತಲೆಮಾರು ನೋಡಿದ್ದಾರೆ. ಸಕ್ಕರೆ ಕಾರ್ಖಾನೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಯಂತ್ರ, ಹೊರಗಿನವರು ಅಷ್ಟಾಗಿ ಗಮನಿಸದ ಗ್ರಾಸ್‌ಹಾಪರ್, ಎಂದರೆ ಮಿಡತೆ. ಗಿರಗಿರನೆ ತಿರುಗಿ ಹರಳಿನಿಂದ ಪಾಕವನ್ನು ಬೇರ್ಪಡಿಸುವ ಸೆಂಟ್ರಿಫ್ಯೂಗಲ್ ಯಂತ್ರದಿಂದ ಬೀಳುವ ಸಕ್ಕರೆ ಬಿಸಿಯಾಗಿರುತ್ತದೆ, ತುಸು ಒದ್ದೆಯಾಗಿರುತ್ತದೆ, ಹರಳು ಮುರಿದರೆ ಬೆಲೆ ಬೀಳುತ್ತದೆ. ಅದನ್ನು ಸ್ಕ್ರೂವಿಗೆ ಹಾಕಿದರೆ ಹರಳು ಪುಡಿಯಾಗುತ್ತದೆ, ರಬ್ಬರ್ ಬೆಲ್ಟಿಗೆ ಹಾಕಿದರೆ ಅಂಟುತ್ತದೆ. ಆದ್ದರಿಂದ ಓರೆಯಾಗಿ ನಿಲ್ಲಿಸಿದ ಬಾಗುವ ಪಟ್ಟಿಗಳ ಮೇಲೆ ಉದ್ದನೆಯ ತೊಟ್ಟಿಯನ್ನು ಕೂರಿಸಿ, ನಡು ತಪ್ಪಿ ತಿರುಗುವ ಎಕ್ಸೆಂಟ್ರಿಕ್ ಶಾಫ್ಟಿನಿಂದ ಅದನ್ನು ಅಲುಗಿಸುತ್ತಾರೆ. ತೊಟ್ಟಿ ಮುಂದಕ್ಕೂ ಮೇಲಕ್ಕೂ ಒಮ್ಮೆ, ಹಿಂದಕ್ಕೂ ಕೆಳಕ್ಕೂ ಒಮ್ಮೆ ಚಲಿಸುವಾಗ ಸಕ್ಕರೆ ಪುಟ್ಟಪುಟ್ಟ ನೆಗೆತ ನೆಗೆಯುತ್ತ ಮುಂದೆ ಸಾಗುತ್ತದೆ. ದಾರಿಯಲ್ಲಿ ಬಿಸಿಗಾಳಿ ಊದಿ ಒಣಗಿಸಿ, ತಣ್ಣನೆಯ ಗಾಳಿ ಊದಿ ಆರಿಸಿ ಕಳುಹಿಸುತ್ತಾರೆ. ಸರಕನ್ನು ಮೊದಲು ಅರಿತು ಆಮೇಲೆ ಯಂತ್ರ ಕಟ್ಟಿದವರ ಕೆಲಸ ಅದು. ಅಕ್ಕಿ ಗಿರಣಿಗಳ ಬಕೆಟ್ ಎಲಿವೇಟರ್ ಇನ್ನೂ ಹಳೆಯದು. 1780ರ ದಶಕದಲ್ಲಿ ಅಮೆರಿಕದ ಆಲಿವರ್ ಇವಾನ್ಸ್ ತಮ್ಮ ಹಿಟ್ಟಿನ ಗಿರಣಿಯಲ್ಲಿ ಪಟ್ಟಿಗೆ ಸಣ್ಣ ಬಟ್ಟಲುಗಳನ್ನು ಜೋಡಿಸಿ ಕಾಳನ್ನು ಮೇಲೆತ್ತಿದ್ದರು, ಸ್ಕ್ರೂವಿನಿಂದ ಅಡ್ಡಡ್ಡಲಾಗಿ ಸಾಗಿಸಿದ್ದರು. ಇವತ್ತಿಗೂ ನಮ್ಮ ಎಲಿವೇಟರಿನ ಮೂಲರೂಪ ಅದೇ.

ಬೆಲ್ಲದ ಪುಡಿಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಕೇಂದ್ರ ಸರ್ಕಾರದ ಕಿರು ಆಹಾರ ಸಂಸ್ಕರಣಾ ಘಟಕಗಳ ಯೋಜನೆ 2020ರಲ್ಲಿ ಆರಂಭವಾದಾಗ ಒಂದು ಜಿಲ್ಲೆ ಒಂದು ಉತ್ಪನ್ನವೆಂದು ಮಂಡ್ಯಕ್ಕೆ ಬೆಲ್ಲವನ್ನು ಆರಿಸಲಾಯಿತು. ಯೋಜನಾ ವೆಚ್ಚದ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ ಸಹಾಯಧನವಿರುವ ಈ ಯೋಜನೆ ಒಳ್ಳೆಯದೇ. ಆದರೆ ಬೆಲ್ಲದ ಪುಡಿ ಗಾಳಿಯ ತೇವವನ್ನು ಹೀರುವ ಸರಕು. ಬೇಸಿಗೆಯಲ್ಲಿ ಮರಳಿನಂತೆ ಹರಿಯುವ ಪುಡಿ ಆಷಾಢದ ಜಡಿಮಳೆಯಲ್ಲಿ ನೀರು ಬಿಟ್ಟು ತೊಟ್ಟಿಗೆ ಮೆತ್ತಿಕೊಳ್ಳುತ್ತದೆ. ಏಪ್ರಿಲಿನಲ್ಲಿ ಪರೀಕ್ಷೆ ಮಾಡಿ ಕೊಂಡ ಕನ್ವೇಯರ್ ಜುಲೈಯಲ್ಲಿ ನಿಂತುಹೋದ ಒಂದು ಘಟಕಕ್ಕೆ ನಾನು ಹೋಗಿದ್ದೆ. ಅಲ್ಲಿ ಯಂತ್ರದಲ್ಲಿ ದೋಷವೇ ಇರಲಿಲ್ಲ.

ಇಷ್ಟು ಹಣದ ನಷ್ಟದ ಮಾತಾಯಿತು. ಕೈಕಾಲಿನ ಮಾತು ಬೇರೆ ಇದೆ.

ಹದಿನೈದು ವರ್ಷಗಳ ಹಿಂದೆ, ಮಂಡ್ಯ ತಾಲ್ಲೂಕಿನ ಒಂದು ಗಿರಣಿಯಲ್ಲಿ ನಾನು ಎಲಿವೇಟರಿನ ಮೇಲಿನ ಬೇರಿಂಗ್ ಬದಲಿಸಿ ಬಂದಿದ್ದೆ. ಅದಾಗಿ ನಾಲ್ಕು ದಿನಕ್ಕೆ ಅಲ್ಲಿ ಕರೆಂಟ್ ಹೋಯಿತು. ಬಕೆಟ್ಟುಗಳು ತುಂಬಿರುವಾಗ ಮೋಟಾರು ನಿಂತರೆ, ಹಿಂದಕ್ಕೆ ತಿರುಗದಂತೆ ತಡೆಯುವ ಬ್ಯಾಕ್‌ಸ್ಟಾಪ್ ಇಲ್ಲದ ಎಲಿವೇಟರಿನಲ್ಲಿ ತುಂಬಿದ ಮಗ್ಗುಲು ಭಾರಕ್ಕೆ ಕೆಳಗಿಳಿದು ಭತ್ತವನ್ನೆಲ್ಲ ಬುಡದ ಪೆಟ್ಟಿಗೆಗೆ ಸುರಿದುಬಿಡುತ್ತದೆ. ಅಂದು ಹಾಗೆಯೇ ಆಯಿತು. ಕೆಲಸದ ಹುಡುಗ ಬುಡದ ಬಾಗಿಲು ತೆಗೆದು ಕೈಯಿಂದ ಭತ್ತ ತೋಡುತ್ತಿದ್ದ. ಕರೆಂಟ್ ಬಂತು, ಯಾರೂ ಗುಂಡಿ ಒತ್ತಲಿಲ್ಲ, ಆದರೂ ಎಲಿವೇಟರ್ ಓಡತೊಡಗಿತು. ಅವನ ಬಲಗೈಯ ಎರಡು ಬೆರಳು ಹೋದವು.

ಸಾಮಾನ್ಯ ಸ್ಟಾರ್ಟರಿನಲ್ಲಿ ಕರೆಂಟ್ ಹೋದೊಡನೆ ಒಳಗಿನ ಕಾಯಿಲ್ ಬಿಟ್ಟುಕೊಳ್ಳುತ್ತದೆ. ಮತ್ತೆ ಒಬ್ಬರು ಬಂದು ಹಸಿರು ಗುಂಡಿ ಒತ್ತುವವರೆಗೆ ಮೋಟಾರು ತಿರುಗುವುದಿಲ್ಲ. ಅಂದರೆ ಈ ಅವಘಡಕ್ಕೆ ತಡೆ ಸ್ಟಾರ್ಟರಿನೊಳಗೇ ಇದೆ. ಆದರೆ ರಾತ್ರಿ ಹೊತ್ತಿನಲ್ಲಿ ಬರುವ ತ್ರೀ ಫೇಸ್ ಕರೆಂಟಿಗಾಗಿ ಗದ್ದೆಗೆ ಓಡುವುದು ತಪ್ಪಲೆಂದು ನಮ್ಮ ರೈತರು ಬೋರ್‌ವೆಲ್ ಮೋಟಾರಿಗೆ ಕರೆಂಟ್ ಬಂದೊಡನೆ ಮೋಟಾರನ್ನು ತಾನೇ ಚಾಲೂ ಮಾಡುವ ಆಟೋ ಸ್ಟಾರ್ಟರ್ ಹಾಕಿಸುತ್ತಾರೆ. ಅದು ಬೋರ್‌ವೆಲ್ಲಿಗೆ ಸರಿ. ನೆಲದೊಳಗಿನ ಪಂಪಿಗೆ ಕೈ ಹಾಕುವವರು ಯಾರೂ ಇಲ್ಲ. ಅದೇ ಊರಿನ ಅದೇ ಎಲೆಕ್ಟ್ರಿಷಿಯನ್ ಗಿರಣಿಗೂ ಬರುತ್ತಾನೆ, ಪದೇ ಪದೇ ಗುಂಡಿ ಒತ್ತುವ ತಾಪತ್ರಯ ತಪ್ಪಲೆಂದು ಮಾಲೀಕರು ಅಲ್ಲಿಗೂ ಅದನ್ನೇ ಕೇಳುತ್ತಾರೆ. ಬೇರಿಂಗ್ ಬದಲಿಸಿದ ದಿನ ಆ ಆಟೋ ಸ್ಟಾರ್ಟರಿನ ಪೆಟ್ಟಿಗೆಯನ್ನು ನಾನು ಕಣ್ಣಾರೆ ಕಂಡಿದ್ದೆ. ನನ್ನ ಕೆಲಸ ಬೇರಿಂಗಿನದು ಎಂದುಕೊಂಡು ಏನೂ ಹೇಳದೆ ಬಂದೆ. ಕಾರ್ಖಾನೆಯಲ್ಲಿ ನಮ್ಮ ಮೊದಲ ಪಾಠವೇ “ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೋ, ಆಮೇಲೆ ಕೈ ಹಾಕು” ಎಂಬುದಾಗಿತ್ತು. ಆ ಮಾತನ್ನು ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಲಿಲ್ಲ.

ಬೆಲ್ಟು ಸಹ ಕಣ್ಣಿಗೆ ಕಾಣುವಷ್ಟು ಸಾಧುವಲ್ಲ. ಸೆಕೆಂಡಿಗೆ ಒಂದೂವರೆ ಮೀಟರ್ ಓಡುವ ಬೆಲ್ಟು ಅರ್ಧ ಸೆಕೆಂಡಿನಲ್ಲಿ 75 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಅಂದರೆ ಒಂದು ತೋಳಿನುದ್ದ. ಬೆಲ್ಟು ಡ್ರಮ್ಮಿಗೆ ಸೇರುವ ಬಾಯಿಯಲ್ಲಿ ಬೆರಳು ಸಿಕ್ಕಿತೆಂದು ಮನಸ್ಸಿಗೆ ತಿಳಿಯುವಷ್ಟರಲ್ಲಿ ಮೊಣಕೈ ಒಳಗೆ ಹೋಗಿರುತ್ತದೆ. ಆ ಬಾಯಿಗೆ ಜಾಲರಿಯ ಮರೆ ಕಟ್ಟುವುದಕ್ಕೂ, ಬೆಲ್ಟಿನ ಉದ್ದಕ್ಕೂ ಎಳೆದರೆ ಯಂತ್ರ ನಿಲ್ಲುವ ಹಗ್ಗದ ಸ್ವಿಚ್ ಹಾಕುವುದಕ್ಕೂ ಆಗುವ ಖರ್ಚು ಒಟ್ಟು ಯಂತ್ರದ ಬೆಲೆಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 21ನೆಯ ಸೆಕ್ಷನ್ ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ಬೇಲಿ ಇರಬೇಕೆಂದು ಅಂದೇ ಹೇಳಿತ್ತು. 22ನೆಯ ಸೆಕ್ಷನ್, ಓಡುತ್ತಿರುವ ಯಂತ್ರವನ್ನು ಪರೀಕ್ಷಿಸಲೇಬೇಕಾದಾಗ ವಿಶೇಷ ತರಬೇತಿ ಪಡೆದವನು, ಮೈಗೆ ಬಿಗಿಯಾದ ಉಡುಪು ತೊಟ್ಟು ಆ ಕೆಲಸ ಮಾಡಬೇಕೆಂದು ವಿಧಿಸಿತ್ತು. ನಮ್ಮ ಗಿರಣಿಗಳಲ್ಲಿ ಹೆಗಲ ಮೇಲೆ ಟವೆಲ್ಲು, ಸೊಂಟಕ್ಕೆ ಲುಂಗಿ ಇಲ್ಲದ ಕೆಲಸಗಾರನನ್ನು ಹುಡುಕಬೇಕು. ಕನ್ವೇಯರುಗಳ ಸುರಕ್ಷತೆಗೆಂದೇ ಭಾರತೀಯ ಮಾನಕ ಐಎಸ್ 7155 ಇದೆ, ಬೆಲ್ಟ್ ಕನ್ವೇಯರಿನ ಆಯ್ಕೆ ಮತ್ತು ವಿನ್ಯಾಸಕ್ಕೆ ಐಎಸ್ 11592 ಇದೆ. ನಾನು ನೋಡಿದ ಯಾವ ಗಿರಣಿಯ ಕೊಟೇಷನ್ನಿನಲ್ಲಿಯೂ ಈ ಎರಡು ಸಂಖ್ಯೆಗಳು ಇರಲಿಲ್ಲ.

ದೂಳಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಲು ಅನುಮತಿ ಕೋರುತ್ತೇನೆ, ಏಕೆಂದರೆ ಇದರಲ್ಲಿ ನಮ್ಮವರು ಒಳ್ಳೆಯ ಉದ್ದೇಶದಿಂದಲೇ ತಪ್ಪು ಮಾಡುತ್ತಿದ್ದಾರೆ. ಗಿರಣಿಯ ದೂಳು ಮನೆಗಳಿಗೆ ಬರುತ್ತದೆಂದು ಅಕ್ಕಪಕ್ಕದವರು ದೂರು ಕೊಟ್ಟಾಗ ಮಾಲೀಕರು ಮಾಡುವ ಮೊದಲ ಕೆಲಸ, ಬೆಲ್ಟಿಗೂ ಎಲಿವೇಟರಿಗೂ ಸುತ್ತ ತಗಡು ಹೊಡೆಸಿ ಮುಚ್ಚುವುದು. ಹೊರಗಿನವರಿಗೆ ದೂಳು ತಪ್ಪುತ್ತದೆ. ತಗಡಿನ ಒಳಗೆ ಅದು ಸಾಂದ್ರವಾಗುತ್ತದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನಲ್ಲಿದ್ದ ಇಂಪೀರಿಯಲ್ ಶುಗರ್ ಸಕ್ಕರೆ ಶುದ್ಧೀಕರಣ ಕಾರ್ಖಾನೆಯಲ್ಲಿ, ಸಂಗ್ರಹ ಗೋಪುರಗಳ ಅಡಿಯಲ್ಲಿ ಓಡುತ್ತಿದ್ದ ಉಕ್ಕಿನ ಬೆಲ್ಟ್ ಕನ್ವೇಯರನ್ನು, ಸಕ್ಕರೆಗೆ ಕಸ ಬೀಳದಿರಲೆಂದು 2007ರಲ್ಲಿ ತಗಡಿನಿಂದ ಮುಚ್ಚಿದರು. ಒಳಗಿನ ದೂಳನ್ನು ಹೀರಿ ತೆಗೆಯುವ ವ್ಯವಸ್ಥೆ ಮಾಡಲಿಲ್ಲ. 2008ರ ಫೆಬ್ರವರಿ 7ರ ಸಂಜೆ ಆ ಮುಚ್ಚಿದ ಕನ್ವೇಯರಿನೊಳಗೆ ಸಕ್ಕರೆಯ ದೂಳು ಸ್ಫೋಟಿಸಿತು. ಮೊದಲ ಸ್ಫೋಟದ ಅಲುಗಾಟಕ್ಕೆ ತೊಲೆಗಳ ಮೇಲೆ, ನೆಲದ ಮೇಲೆ ವರ್ಷಗಳಿಂದ ಕೂತಿದ್ದ ದೂಳೆಲ್ಲ ಮೇಲೆದ್ದು ಒಂದರ ಹಿಂದೊಂದು ಸ್ಫೋಟವಾಗಿ ಕಟ್ಟಡದಿಂದ ಕಟ್ಟಡಕ್ಕೆ ಹರಡಿತು. 14 ಮಂದಿ ಸತ್ತರು. ತನಿಖೆ ನಡೆಸಿದ ಅಲ್ಲಿನ ರಾಸಾಯನಿಕ ಸುರಕ್ಷತಾ ಮಂಡಳಿ, ಕಾದು ಕೆಂಪಾದ ಬೇರಿಂಗ್ ಒಂದರಿಂದ ಕಿಡಿ ಹತ್ತಿರುವ ಸಾಧ್ಯತೆಯೇ ಹೆಚ್ಚೆಂದು ಹೇಳಿತು.

ಕಾಫಿಗೆ ಹಾಕುವ ಸಕ್ಕರೆ ಸಿಡಿಮದ್ದಾಗುತ್ತದೆಂದರೆ ಮಂಡ್ಯದವರಾದ ನಮಗೇ ನಂಬುವುದು ಕಷ್ಟ. ಆದರೆ ಸಕ್ಕರೆ, ಹಿಟ್ಟು, ತೌಡು, ಮೆಕ್ಕೆಜೋಳದ ಪುಡಿ ಇವೆಲ್ಲವೂ ಉರಿಯುವ ವಸ್ತುಗಳೇ. ರಾಶಿಯಲ್ಲಿ ನಿಧಾನವಾಗಿ ಉರಿಯುವುದು ಗಾಳಿಯಲ್ಲಿ ಹರಡಿ ತೇಲುವಾಗ, ಅದೂ ಮುಚ್ಚಿದ ಜಾಗದಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಉರಿದುಬಿಡುತ್ತದೆ. ನೆಲದ ಮೇಲೆ ಒಂದು ಮಿಲಿಮೀಟರ್ ದಪ್ಪಕ್ಕಿಂತ ಕಡಿಮೆ ಕೂತ ದೂಳೂ, ವಿಸ್ತಾರವಾದ ಜಾಗದಲ್ಲಿ ಹರಡಿದ್ದರೆ, ಅಪಾಯದ ಮಟ್ಟವೆಂದು ಅಗ್ನಿ ಸುರಕ್ಷತೆಯ ತಜ್ಞರು ಪರಿಗಣಿಸುತ್ತಾರೆ. 1948ರ ಕಾಯ್ದೆಯ 37ನೆಯ ಸೆಕ್ಷನ್ ಸಹ ಯಂತ್ರವನ್ನು ಮುಚ್ಚುವುದರ ಜೊತೆಗೆ ದೂಳು ಸಂಗ್ರಹವಾಗದಂತೆ ತೆಗೆಯುವುದನ್ನೂ, ಕಿಡಿಯ ಮೂಲಗಳನ್ನು ದೂರವಿಡುವುದನ್ನೂ ಒಟ್ಟಿಗೆ ಹೇಳಿತ್ತು. ನಮ್ಮವರು ಮೊದಲನೆಯದನ್ನು ಮಾತ್ರ ಮಾಡಿ ಮುಗಿಯಿತೆನ್ನುತ್ತಾರೆ. ಮುಚ್ಚುವುದಾದರೆ ಬ್ಲೋವರು ಮತ್ತು ಗಾಳಿಯನ್ನು ಸುತ್ತಿಸಿ ದೂಳನ್ನು ಬೇರ್ಪಡಿಸುವ ಸೈಕ್ಲೋನಿನಿಂದ ಒಳಗಿನ ದೂಳನ್ನು ಹೀರಿ ತೆಗೆಯಲೇಬೇಕು. ಎಲಿವೇಟರಿನ ಮುಂದೆ ಒಂದು ಮ್ಯಾಗ್ನೆಟ್ ಕೂರಿಸಿ ಭತ್ತದ ಜೊತೆ ಬರುವ ಮೊಳೆ, ಬೋಲ್ಟುಗಳನ್ನು ತಡೆಯಬೇಕು. ಪುಡಿ ಉಜ್ಜಿ ಹುಟ್ಟುವ ಸ್ಥಿರ ವಿದ್ಯುತ್ತು ಕಿಡಿಯಾಗದಂತೆ ಪೈಪಿನ ಜೋಡಣೆಗಳ ನಡುವೆ ತಾಮ್ರದ ಪಟ್ಟಿ ಬಿಗಿದು ನೆಲಕ್ಕೆ ಅರ್ಥಿಂಗ್ ಕೊಡಬೇಕು; ಅಗ್ಗವೆಂದು ಪ್ಲಾಸ್ಟಿಕ್ ಪೈಪಿನಲ್ಲಿ ಪುಡಿ ಊದುವುದನ್ನು ಬಿಡಬೇಕು. ಬೇರಿಂಗುಗಳಿಗೆ ಗ್ರೀಸ್ ಹೊಡೆಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಸಾಕು, ಅದಕ್ಕೆ ಕಂಪ್ಯೂಟರ್ ಬೇಡ.

ಕನ್ವೇಯರ್ ಬಂದರೆ ಹಮಾಲಿಗಳ ಅನ್ನ ಹೋಗುತ್ತದೆಂಬ ಆಕ್ಷೇಪವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ 70–75 ಕಿಲೋ ಭತ್ತದ ಮೂಟೆಯನ್ನು ಬೆನ್ನ ಮೇಲೆ ಹೊತ್ತು ಹಲಗೆ ಹತ್ತಿ ಲಾರಿಗೆ ಇಳಿಸುವ ಕೆಲಸವನ್ನು ಮೂವತ್ತು ವರ್ಷ ಮಾಡಿದವರ ಸೊಂಟವನ್ನು ನೋಡಿದವರು ಆ ಕೆಲಸ ಹಾಗೆಯೇ ಉಳಿಯಲೆಂದು ಬಯಸಲಾರರು. ವಯಸ್ಕ ಗಂಡಸೊಬ್ಬ ಹೊರುವ ಭಾರ 55 ಕಿಲೋ ಮೀರಿದರೆ ಅದನ್ನು ಬೇಗನೆ ತಗ್ಗಿಸಲು ಕ್ರಮ ಕೈಗೊಳ್ಳಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಹಮಾಲಿಗಳ ಮಕ್ಕಳಿಗೆ ಐಟಿಐಯಲ್ಲಿ ಬೆಲ್ಟ್ ಜೋಡಿಸುವ, ಓರೆಯಾದ ಬೆಲ್ಟನ್ನು ನೇರ ಓಡಿಸುವ, ಬೇರಿಂಗ್ ಬದಲಿಸುವ ಕೆಲಸ ಕಲಿಸಿದರೆ ಅದೇ ಗಿರಣಿಯಲ್ಲಿ ಅವರಿಗೆ ಕೆಲಸವಿದೆ. ಇವತ್ತು ಒಂದು ಬೆಲ್ಟ್ ಹರಿದರೆ ಅಂಟಿಸುವವನು ಸಿಗುವವರೆಗೆ ಗಿರಣಿ ಎರಡು ದಿನ ನಿಲ್ಲುತ್ತದೆ.

ಈಗ ನನ್ನ ಕೋರಿಕೆಗಳು. ಮೈಸೂರಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಇದೆ, ಅದರೊಳಗೆ ಗಿರಣಿ ತಂತ್ರಜ್ಞಾನವನ್ನು ಕಲಿಸುವ ಅಂತರರಾಷ್ಟ್ರೀಯ ಶಾಲೆಯೇ ಇದೆ. ಮಂಡ್ಯದಲ್ಲಿ ಭತ್ತ ಕಬ್ಬುಗಳ ಮೇಲೆ ಸಂಶೋಧನೆ ನಡೆಸುವ ವಿ.ಸಿ. ಫಾರಂ ಇದೆ. ಎರಡೂ ಊರುಗಳಲ್ಲಿ ಹಳೆಯ ಎಂಜಿನಿಯರಿಂಗ್ ಕಾಲೇಜುಗಳಿವೆ. ಇವುಗಳಲ್ಲಿ ಯಾವುದಾದರೊಂದು, ಗಿರಣಿಯವನು ತಾನು ಸಾಗಿಸಬೇಕಾದ ಸರಕಿನ ಒಂದು ಮೂಟೆಯನ್ನು ತಂದುಕೊಟ್ಟರೆ, ಒಂದು ವಾರದಲ್ಲಿ ಅದರ ಗಾತ್ರಕ್ಕೆ ತಕ್ಕ ತೂಕ, ತೇವಾಂಶ, ರಾಶಿಯ ಓರೆ, ಕಣಗಳ ಗಾತ್ರ, ತಗಡಿನ ಮೇಲೆ ಅದು ಜಾರುವ ಕೋನ, ಕಬ್ಬಿಣ ಸವೆಸುವ ಗುಣ ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡುವ ವ್ಯವಸ್ಥೆ ಮಾಡಬೇಕು. ಇವುಗಳಲ್ಲಿ ಮೊದಲ ಮೂರನ್ನು ಒಂದು ಅಳತೆಪಾತ್ರೆ, ತಕ್ಕಡಿ, ಒಲೆ ಮತ್ತು ಸ್ಕೇಲಿನಿಂದ ಅಂತಿಮ ವರ್ಷದ ವಿದ್ಯಾರ್ಥಿಗಳೇ ಮಾಡಬಲ್ಲರು. ಬೆಲ್ಲದ ಪುಡಿಯಂಥ ಸರಕಾದರೆ ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಪರೀಕ್ಷೆಯಾಗಲಿ. ಆ ಹಾಳೆಯನ್ನು ಕೈಯಲ್ಲಿ ಹಿಡಿದು ಯಂತ್ರ ಮಾರುವವರ ಮುಂದೆ ಕುಳಿತರೆ, ಮಾತು ಟನ್ನಿನಿಂದ ಶುರುವಾಗುವುದಿಲ್ಲ.

ಸಾಲ ಮತ್ತು ಸಹಾಯಧನ ಮಂಜೂರು ಮಾಡುವವರು ಕೊಟೇಷನ್ನಿನಲ್ಲಿ ಯಂತ್ರದ ಬೆಲೆಯ ಜೊತೆಗೆ ಜಾಲರಿ, ನಿಲ್ಲಿಸುವ ಹಗ್ಗದ ಸ್ವಿಚ್, ಬ್ಯಾಕ್‌ಸ್ಟಾಪ್, ಅರ್ಥಿಂಗ್ ಮತ್ತು ದೂಳು ಹೀರುವ ವ್ಯವಸ್ಥೆಗೆ ಪ್ರತ್ಯೇಕ ಸಾಲುಗಳಿವೆಯೇ ಎಂದು ನೋಡಬೇಕು. ಇವನ್ನು ಬಿಟ್ಟು ಅಗ್ಗವಾಗಿ ಬರೆದ ಕೊಟೇಷನ್ನಿಗೆ ಇಂದು ಬೇಗ ಮಂಜೂರಾತಿ ಸಿಗುತ್ತದೆ; ಎಲ್ಲವನ್ನೂ ಸೇರಿಸಿ ಬರೆದ ಪ್ರಾಮಾಣಿಕ ತಯಾರಕ ದುಬಾರಿಯವನೆನಿಸಿಕೊಳ್ಳುತ್ತಾನೆ. ತಪಾಸಣೆಗೆ ಬರುವ ಅಧಿಕಾರಿಗಳು ರಿಜಿಸ್ಟರು ನೋಡುವ ಮೊದಲು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ತೆಗೆದು ನೋಡಲಿ ಎಂಬುದು ನನ್ನ ಇನ್ನೊಂದು ವಿನಂತಿ. ಸುಗ್ಗಿಯ ಭತ್ತ ಗಿರಣಿಗಳಿಗೆ ಬರತೊಡಗಿದ ಮೇಲೆ ಯಾವ ಮಾಲೀಕನೂ ಯಂತ್ರ ನಿಲ್ಲಿಸಿ ಇದನ್ನೆಲ್ಲ ಮಾಡುವುದಿಲ್ಲವಾದ್ದರಿಂದ, ಈ ಪತ್ರವನ್ನು ಕೊಯ್ಲಿಗೆ ಮುಂಚೆ ಪ್ರಕಟಿಸಿದರೆ ಉಪಕಾರವಾಗುತ್ತದೆ.

ಮದ್ದೂರಿನ ಆ ಗಿರಣಿಯಲ್ಲಿ ನಾವು ಮಾಡಿದ್ದು ಇಷ್ಟೇ. ಹಾಪರಿನ ಕೆಳಭಾಗವನ್ನು ಕತ್ತರಿಸಿ, ಗೋಡೆಗಳನ್ನು ಕಡಿದಾಗಿಸಿ, ಬಾಯಿಯನ್ನು ಸ್ಕ್ರೂವಿನ ಉದ್ದಕ್ಕೆ ಎರಡೂವರೆ ಅಡಿ ಸೀಳಿದೆವು. ಉದ್ದ ಬಾಯಿಯ ಕೆಳಗೆ ಸುರುಳಿಗಳ ಅಂತರ ಒಂದೇ ಸಮನಾಗಿದ್ದರೆ ಸ್ಕ್ರೂ ಹಿಂದಿನ ತುದಿಯಿಂದ ಮಾತ್ರ ಸರಕು ಎಳೆಯುತ್ತದೆ. ಆದ್ದರಿಂದ ಆ ಭಾಗದ ಸುರುಳಿಗಳನ್ನು ಮುಂದೆ ಹೋದಂತೆ ಅಂತರ ಹೆಚ್ಚುವ ಹಾಗೆ ಮರಳಿ ಬೆಸುಗೆ ಹಾಕಿಸಿದೆವು. ಹಳೆಯ 3 ಎಚ್‌ಪಿ ಮೋಟಾರು ಮತ್ತೆ ಬಂತು. ಸುತ್ತಿಗೆಯ ಹುಡುಗನಿಗೆ ಚೀಲ ಹೊಲಿಯುವ ಕೆಲಸ ಕೊಟ್ಟಿದ್ದಾರೆ. ಅಲ್ಲಿನ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲನ್ನೂ ಈ ಸಲ ತೆಗೆಸಿದೆ. ಒಳಗೆ ನಾನು ಹೆದರಿದ್ದೇ ಇತ್ತು. ಮಾಲೀಕರು ಮೊದಲು ಒಪ್ಪಲಿಲ್ಲ, ಬಳಿಕ ನನ್ನೆದುರಿಗೇ ಬಿಚ್ಚಿಸಿದರು. ಆ ಆಟೋ ಸ್ಟಾರ್ಟರ್ ಈಗ ಅವರ ತೋಟದ ಬೋರ್‌ವೆಲ್ಲಿನ ಪೆಟ್ಟಿಗೆಯಲ್ಲಿದೆ.

ಇಂತಿ ತಮ್ಮ ವಿಶ್ವಾಸಿ,
ಸಕ್ಕರೆ ಕಾರ್ಖಾನೆಯ ನಿವೃತ್ತ ಫೋರ್‌ಮನ್, ಮಂಡ್ಯ